ರೋಮನ್ ಯುಗದ ಒಂದು ಸಾಹಸಕಥೆಯೂ ಅದರಲ್ಲಿ ಕೇಳಿಬರುವ ನಮ್ಮ ಮಾತೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಣ್ಣ ಸಭೆಗಳಲ್ಲಿ ಕ್ಷೇತ್ರಸೇವೆ ಮುಗಿಸಿ ಬರುವ ವಿದ್ಯಾರ್ಥಿಗಳು ಸಭಾಚರಿತ್ರೆಯ ತರಗತಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಮೆಕ್ಕೆಜೋಳದ ಬೆಲೆ, ಅಡಿಕೆಯ ರೋಗ, ಭದ್ರಾ ನಾಲೆಯ ನೀರು ಇವೇ ದಿನದ ಮಾತಾಗಿರುವ ಜನರ ನಡುವೆ ಔಗುಸ್ತ ಮತ್ತು ತಿಬೇರಿ ಕೈಸರರ ಚರಿತ್ರೆಯಿಂದ ಏನು ಪ್ರಯೋಜನ ಎಂಬುದೇ ಆ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಹೆಚ್ಚಿನವರು ರೋಮ್ ರಾಜ್ಯವನ್ನು ಮೊದಲು ಕಂಡದ್ದು ಚರಿತ್ರೆಯ ಪುಸ್ತಕದಲ್ಲಲ್ಲ, ಸಾಹಸಕಥೆಗಳಲ್ಲಿ. 1880ರಲ್ಲಿ ಲ್ಯೂ ವಾಲೆಸ್ ಬರೆದ ‘ಬೆನ್‌ಹರ್’, 1896ರಲ್ಲಿ ಪುಸ್ತಕರೂಪದಲ್ಲಿ ಬಂದ ಪೋಲೆಂಡಿನ ಸಿಯೆಂಕಿಯೆವಿಚ್‌ನ ‘ಕ್ವೋ ವಾದಿಸ್’, ಅವುಗಳಿಂದಾದ ಚಲನಚಿತ್ರಗಳು, ಅವುಗಳ ರಥದೋಟ, ಸಿಂಹಗಳು, ಬೆಂಕಿ ಹೊತ್ತಿದ ನಗರ ಇವೆಲ್ಲ ನಮ್ಮ ಕಲ್ಪನೆಯ ರೋಮನ್ನು ಕಟ್ಟಿಕೊಟ್ಟಿವೆ. ಆ ಕಥೆಗಳಲ್ಲಿ ನಾವು ನೋಡುವವರು, ರೋಮ್ ನೋಡಲ್ಪಡುವುದು.

ಇದಕ್ಕೆ ತಿರುವುಮುರುವಾದ ಒಂದು ಕೃತಿಯುಂಟು. ರೋಮನ್ ಆಳಿಕೆಯ ಐಗುಪ್ತದಲ್ಲಿ, ಗ್ರೀಕ್ ಭಾಷೆಯಲ್ಲಿ, ರಂಗದ ಮೇಲೆ ಆಡುವುದಕ್ಕೆಂದು ಬರೆದ ಒಂದು ಸಾಹಸದ ಪ್ರಹಸನ ಅದು. ಅದರ ಕಥೆ ನಡೆಯುವುದು ಹಿಂದೂದೇಶದ ಕಡಲತೀರದಲ್ಲಿ. ಅಲ್ಲಿ ನೋಡಲ್ಪಡುವವರು ಈ ದೇಶದವರು. ಅಷ್ಟೇ ಅಲ್ಲ, ಅದರೊಳಗಿನ ಹಿಂದೂದೇಶದ ಪಾತ್ರಗಳು ಆಡುವ ಅರ್ಥವಾಗದ ಮಾತು ಕನ್ನಡವೇ ಎಂದು ನೂರಿಪ್ಪತ್ತು ವರ್ಷಗಳಿಂದ ವಾದ ನಡೆದಿದೆ. ಕನ್ನಡ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳು ಇದನ್ನು ಬಲ್ಲರು. ದೇವಜ್ಞಾನಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಏಕೆ ಓದಬೇಕೆಂಬುದನ್ನು ಈ ಲೇಖನದಲ್ಲಿ ಹೇಳಲು ಯತ್ನಿಸುತ್ತೇವೆ.

ನೈಲ್ ಕಣಿವೆಯ ಆಕ್ಸಿರಿಂಕಸ್ ಎಂಬ ಪುರಾತನ ಪಟ್ಟಣದ ಕಸದ ದಿಬ್ಬಗಳನ್ನು ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಪಂಡಿತರು 1896ರ ಕೊನೆಯಲ್ಲಿ ಅಗೆಯತೊಡಗಿದರು. ಹೊಸ ಒಡಂಬಡಿಕೆಯ ಪ್ರಾಚೀನ ಹಸ್ತಪ್ರತಿಗಳನ್ನು ಕುರಿತ ಪಾಠದಲ್ಲಿ ಈ ಹೆಸರುಗಳು ನಮ್ಮ ಓದುಗರಿಗೆ ಪರಿಚಿತವಾಗಿವೆ. ಮತ್ತಾಯನ ಸುವಾರ್ತೆಯ ಒಂದು ಹಳೆಯ ಹಾಳೆಯೂ, ಯೇಸುವಿನ ನುಡಿಗಳೆಂದು ಹೇಳಲಾದ ವಾಕ್ಯಗಳ ಸಂಗ್ರಹವೂ ದೊರೆತ ಅದೇ ಕಸದಲ್ಲಿ ಈ ಪ್ರಹಸನದ ಪಪೈರಸ್ಸೂ ದೊರೆಯಿತು. 1903ರಲ್ಲಿ, ಆಕ್ಸಿರಿಂಕಸ್ ಪಪೈರಸ್ಸುಗಳ ಮೂರನೆಯ ಸಂಪುಟದಲ್ಲಿ, 413ನೆಯ ಸಂಖ್ಯೆಯಾಗಿ ಅದು ಅಚ್ಚಾಯಿತು. ಬರಹ ಕ್ರಿಸ್ತಶಕ ಎರಡನೆಯ ಶತಮಾನದ್ದು. ಈಗ ಅದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಕೃತಿಗೆ ಹೆಸರಿಲ್ಲ, ಕರ್ತೃವಿನ ಹೆಸರೂ ಇಲ್ಲ. ನಾಯಕಿಯ ಹೆಸರು ಖಾರಿತಿಯೊನ್ ಎಂದಿರುವುದರಿಂದ ವಿದ್ವಾಂಸರು ಅದನ್ನು ಖಾರಿತಿಯೊನ್ ಪ್ರಹಸನವೆಂದು ಕರೆಯುತ್ತಾರೆ. ಮಾತುಗಳ ನಡುವೆ ಮದ್ದಳೆ, ತಾಳಗಳನ್ನು ಬಾರಿಸಬೇಕಾದ ಸ್ಥಳಗಳನ್ನು ಗುರುತಿಸಿರುವುದರಿಂದ ಇದು ಓದುವುದಕ್ಕಲ್ಲ, ಆಡುವುದಕ್ಕೆ ಇಟ್ಟುಕೊಂಡ ಪ್ರತಿಯೆಂದು ತಿಳಿಯುತ್ತದೆ.

ಕಥೆ ಹೀಗಿದೆ. ಖಾರಿತಿಯೊನ್ ಎಂಬ ಗ್ರೀಕ್ ಕನ್ಯೆ ಹಿಂದೂದೇಶದ ಕರಾವಳಿಯಲ್ಲಿ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಲ್ಲಿದ್ದಾಳೆ. ಆ ದೇಶದ ರಾಜನು ಅವಳನ್ನು ದೇವತೆಗೆ ಬಲಿಕೊಡಲು ನಿಶ್ಚಯಿಸಿದ್ದಾನೆ. ಅವಳ ಸಹೋದರನು ಹಡಗಿನಲ್ಲಿ ಸಂಗಡಿಗರೊಂದಿಗೆ ಅವಳನ್ನು ಬಿಡಿಸಿಕೊಂಡು ಹೋಗಲು ಬಂದಿದ್ದಾನೆ. ಅವನೊಂದಿಗೆ ಒಬ್ಬ ವಿದೂಷಕನಿದ್ದಾನೆ. ಬೇಟೆಯಿಂದ ಹಿಂದಿರುಗಿದ ಬಿಲ್ಲುಗಾರ್ತಿಯರು ಅವನ ಮೇಲೆ ಬಾಣವೆಸೆಯುವ ಹಾಗೆ ಬರುತ್ತಾರೆ. ಅವನು ತನ್ನ ಅಪಾನವಾಯುವಿನಿಂದಲೇ ಅವರನ್ನು ಓಡಿಸುತ್ತಾನೆ. (ಸೆಮಿನರಿಯ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಸಂಕೋಚದ ಸಂಗತಿಯೇ, ಆದರೆ ಪಪೈರಸ್ಸಿನಲ್ಲಿ ಅದಕ್ಕೂ ಪ್ರತ್ಯೇಕ ರಂಗಸೂಚನೆಯಿದೆ.) ರಾಜನಿಗೂ ಅವನ ಕಡೆಯವರಿಗೂ ನೀರು ಬೆರಸದ ದ್ರಾಕ್ಷಾರಸವನ್ನು ಕುಡಿಸುತ್ತಾರೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರಸಿಯೇ ಕುಡಿಯುತ್ತಿದ್ದವರು. ಹಾಗೆ ಕುಡಿಯಲು ಅರಿಯದವರು ಅನಾಗರಿಕರು ಎಂಬುದು ಅವರ ಎಣಿಕೆ. ಅಮಲೇರಿದ ರಾಜನನ್ನು ಗುಡಿಯ ಪವಿತ್ರ ಪಟ್ಟಿಗಳಿಂದಲೇ ಬಿಗಿದು, ಎಲ್ಲರೂ ಹಡಗು ಹತ್ತುತ್ತಾರೆ. ಯೂರಿಪಿಡೀಸನ ‘ಟಾರಿಸಿನ ಇಫಿಗೆನಿಯಾ’ ನಾಟಕವನ್ನು ಓದಿದವರಿಗೆ ಇದು ಅದರ ಅಣಕವೆಂದು ಕೂಡಲೇ ಹೊಳೆಯುತ್ತದೆ.

ಆ ಕಾಲದ ಜನರಿಗೆ ಇಂಥ ಕಥೆ ಹೊಸದಲ್ಲ. ಕಡಲಯಾನ, ಬಿರುಗಾಳಿ, ಕಳ್ಳರು, ಸೆರೆ, ಪರದೇಶದ ರಾಜ, ಕೊನೆಗೆ ಬಿಡುಗಡೆ ಇವುಗಳಿಂದ ಹೆಣೆದ ಗದ್ಯಕಥೆಗಳು ಮೊದಲನೆಯ ಶತಮಾನದಿಂದಲೂ ಗ್ರೀಕ್ ಭಾಷೆಯಲ್ಲಿದ್ದುವು. ಎಫೆಸದ ಕ್ಸೆನೊಫೋನನ ಕಥೆಯಲ್ಲಿ ಹಿಂದೂದೇಶದ ಪ್ಸಮ್ಮಿಸ್ ಎಂಬ ರಾಜನು ಅಲೆಕ್ಸಾಂದ್ರಿಯಕ್ಕೆ ಬಂದು ನಾಯಕಿಯನ್ನು ಕ್ರಯಕ್ಕೆ ಕೊಳ್ಳುತ್ತಾನೆ. ಅವಳು ತಾನು ಐಸಿಸ್ ದೇವಿಗೆ ಮುಡಿಪಾದವಳೆಂದು ಹೇಳಿ ಅವನಿಂದ ಪಾರಾಗುತ್ತಾಳೆ. ‘ಐಥಿಯೋಪಿಕ’ ಎಂಬ ದೊಡ್ಡ ಸಾಹಸಕಥೆಯನ್ನು ಬರೆದ ಹೆಲಿಯೊಡೋರನು ಮುಂದೆ ತ್ರಿಕ್ಕ ಎಂಬ ಪಟ್ಟಣದ ಬಿಷಪನಾದನೆಂದು ಐದನೆಯ ಶತಮಾನದ ಸಭಾಚರಿತ್ರಕಾರನಾದ ಸೋಕ್ರತೇಸನು ಬರೆದಿದ್ದಾನೆ. ಅದು ನಿಜವೋ ಅಲ್ಲವೋ, ಸಾಹಸಕಥೆಗೂ ಸಭೆಗೂ ಆಗದೆಂದು ಭಾವಿಸುವ ನಮ್ಮ ಕೆಲವು ಹಿರಿಯರು ಆ ಮಾತನ್ನು ನೆನಪಿಟ್ಟುಕೊಳ್ಳಬಹುದು.

ಕರಾವಳಿಯ ಈ ಕಥೆಗೂ ಒಳನಾಡಿಗೂ ಏನು ನಂಟು? ಮೊದಲನೆಯ ಶತಮಾನದ ಭೂಗೋಳಕಾರನಾದ ಸ್ತ್ರಾಬೊ, ಕೆಂಪು ಸಮುದ್ರದ ಮಯೋಸ್ ಹೊರ್ಮೋಸ್ ಬಂದರಿನಿಂದ ಹಿಂದೂದೇಶಕ್ಕೆ 120 ಹಡಗುಗಳು ಹೊರಡುತ್ತಿದ್ದುವೆಂದು ಬರೆಯುತ್ತಾನೆ. ಹಿಂದೂದೇಶವು ವರ್ಷಕ್ಕೆ 5 ಕೋಟಿ ಸೆಸ್ಟರ್ಸುಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ಹಿರಿಯ ಪ್ಲಿನಿ ಗೊಣಗುತ್ತಾನೆ; ನಮ್ಮ ಪಶ್ಚಿಮ ತೀರದ ನಿತ್ರಿಯ ಎಂಬಲ್ಲಿ ಕಡಲ್ಗಳ್ಳರಿದ್ದಾರೆಂದೂ ಎಚ್ಚರಿಸುತ್ತಾನೆ. ಆ ಬೆಳ್ಳಿಯಲ್ಲಿ ಒಂದಿಷ್ಟು ಘಟ್ಟ ಹತ್ತಿ ಒಳನಾಡಿಗೂ ಬಂದಿತು. ಜಗಳೂರು ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೆ ಮೊದಲು ಅದು ಚಿತ್ರದುರ್ಗದ ಭಾಗವಾಗಿತ್ತು. ಆ ಚಿತ್ರದುರ್ಗದ ಕೋಟೆಬೆಟ್ಟದ ಮಗ್ಗುಲಿನಲ್ಲಿರುವ ಚಂದ್ರವಳ್ಳಿಯಲ್ಲಿ 1929ರ ಹೊತ್ತಿಗೆ ಮೈಸೂರು ಪ್ರಾಕ್ತನ ಇಲಾಖೆಯ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆತ ನಡೆಸಿದರು. ಸಾತವಾಹನರ ಕಾಲದ ನಾಣ್ಯಗಳೊಂದಿಗೆ ಔಗುಸ್ತ ಮತ್ತು ತಿಬೇರಿ ಕೈಸರರ ಬೆಳ್ಳಿಯ ದಿನಾರಿಯಸ್ಸುಗಳು ಅಲ್ಲಿ ಸಿಕ್ಕಿದುವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಿಂದೂದೇಶದಲ್ಲಿ ದೊರೆತಿರುವ ತಿಬೇರಿಯ ದಿನಾರಿಯಸ್ಸುಗಳಲ್ಲಿ ಬಹುಪಾಲು ಒಂದೇ ಬಗೆಯವು: ಒಂದು ಕಡೆ ಕೈಸರನ ತಲೆ, ಇನ್ನೊಂದು ಕಡೆ ಕುಳಿತ ಸ್ತ್ರೀಯ ಮೂರ್ತಿ, ಸುತ್ತಲೂ ಮಹಾಯಾಜಕನೆಂಬ ಬಿರುದು. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ತೆರಿಗೆಯ ವಿಷಯವಾಗಿ ಪ್ರಶ್ನೆ ಬಂದಾಗ ಯೇಸು ತರಿಸಿ ನೋಡಿದ ನಾಣ್ಯ ಇದೇ ಬಗೆಯದೆಂದು ನಾಣ್ಯಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ತಲೆಯೂ ಮುದ್ರೆಯೂ ಯಾರವೆಂಬ ಪ್ರಶ್ನೆಯನ್ನು ಎಬ್ಬಿಸಿದ ನಾಣ್ಯ ಜಗಳೂರಿನಿಂದ ಅರ್ಧ ದಿನದೊಳಗೆ ಹೋಗಿಬರುವಷ್ಟು ದೂರದ ಮಣ್ಣಿನಲ್ಲಿಯೂ ಹೂತಿತ್ತು. ಹೊನ್ನಾಳಿಯ ಹೆಸರಿನಲ್ಲಿ ಹೊನ್ನಿದೆ; ಚಂದ್ರವಳ್ಳಿಗೆ ಬಂದುದು ಬೆಳ್ಳಿ. ರೋಮ್ ಎಂಬುದು ಸತ್ಯವೇದದ ಕೊನೆಯ ಭೂಪಟದಲ್ಲಿ ಮಾತ್ರ ಇರುವ ದೇಶವಲ್ಲವೆಂದು ವಿದ್ಯಾರ್ಥಿಗಳಿಗೆ ತೋರಿಸಲು ಇಷ್ಟು ಸಾಕು.

ಇನ್ನು ಭಾಷೆಯ ವಿಷಯ. ಪ್ರಹಸನದ ರಾಜನು ಚಂದ್ರದೇವತೆಯನ್ನು ಸ್ತುತಿಸುವಾಗ ಗ್ರೀಕ್ ಪದ್ಯದಲ್ಲಿಯೇ ಮಾತನಾಡುತ್ತಾನೆ. ಆದರೆ ಅವನೂ ಅವನ ಕಡೆಯವರೂ ತಮ್ಮತಮ್ಮೊಳಗೆ ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕ್ ಲಿಪಿಯಲ್ಲಿ ಬರೆದ ಬೇರೆ ಯಾವುದೋ ಧ್ವನಿಗಳ ಸಾಲು. ಮದ್ರಾಸಿನಲ್ಲಿ ಸರ್ಕಾರದ ಶಾಸನತಜ್ಞನಾಗಿದ್ದು ಜರ್ಮನಿಗೆ ಹಿಂದಿರುಗಿದ್ದ ಎವುಗೆನ್ ಹುಲ್ಟ್ಸ್, 1904ರಲ್ಲಿ, ಇದು ಕನ್ನಡವೆಂದು ಸೂಚಿಸಿದನು. ಕುಡಿಯುವ ದೃಶ್ಯದ ಸಾಲುಗಳಲ್ಲಿ ಬೇರೆ, ಕೊಂಚ, ಮಧು, ಪಾತ್ರ, ಹಾಕು, ಎತ್ತು, ಕಟ್ಟು ಎಂಬ ಶಬ್ದಗಳು ಅವನಿಗೆ ಕಂಡುವು. ದ್ರಾಕ್ಷಾರಸವನ್ನು ಪಾತ್ರೆಗೆ ಹೊಯ್ಯುವ ಮಾತೆಂದು ಅವನು ಅವುಗಳನ್ನು ಅರ್ಥಮಾಡಿದನು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಆಗ ಹತ್ತು ವರ್ಷವಾಗಿತ್ತು. ಕಿಟ್ಟೆಲ್ ಅವರು ತೀರಿಕೊಂಡದ್ದು 1903ರ ಡಿಸೆಂಬರಿನಲ್ಲಿ, ಪಪೈರಸ್ಸು ಅಚ್ಚಾದ ವರ್ಷದಲ್ಲಿಯೇ. ಹುಲ್ಟ್ಸನ ಲೇಖನವನ್ನು ನೋಡಲು ಅವರಿಗೆ ಇನ್ನೊಂದು ವರ್ಷ ಆಯುಷ್ಯವಿದ್ದಿದ್ದರೆ ಏನನ್ನುತ್ತಿದ್ದರೋ ಎಂದು ನಾವು ಹಲವು ಸಲ ಯೋಚಿಸಿದ್ದೇವೆ.

ಕನ್ನಡ ವಿದ್ವಾಂಸರಲ್ಲಿ ಈ ಸುದ್ದಿ ಸಹಜವಾಗಿಯೇ ಸಂಭ್ರಮ ತಂದಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು ಇದನ್ನು ಕನ್ನಡವೆಂದೇ ಒಪ್ಪಿ ಇನ್ನಷ್ಟು ಸಾಲುಗಳನ್ನು ಬಿಡಿಸಿದರು. ತುಳುನಾಡಿನ ಚರಿತ್ರೆಯನ್ನು ಬರೆದ ಬಿ. ಎ. ಸಾಲೆತೊರೆ ಅವರೂ, ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಗಂಭೀರವಾಗಿ ವಿಚಾರಿಸಿದರು. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ಅದೇ ಗೋವಿಂದ ಪೈಗಳು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ರೋಮನ್ ಅಧಿಪತಿಯ ಅಂಗಳವನ್ನು ಕನ್ನಡದಲ್ಲಿ ಕಂಡ ಆ ಕವಿ, ರೋಮನ್ ಕಾಲದ ರಂಗದಲ್ಲಿ ಕನ್ನಡವನ್ನು ಹುಡುಕಿದವರಲ್ಲಿಯೂ ಒಬ್ಬರು. ಪಪೈರಸ್ಸಿನ ಒಂದು ಅಕ್ಷರಸಮೂಹದಲ್ಲಿ ಮಲ್ಪೆಯ ಹೆಸರನ್ನು ಕಂಡವರಿದ್ದಾರೆ. ಭಾಷೆ ಕನ್ನಡವಲ್ಲ, ತುಳು ಎಂದವರೂ ಇದ್ದಾರೆ.

ಆದರೆ 1926ರಲ್ಲಿ ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸನು ಈ ಓದನ್ನು ಒಪ್ಪಲಾಗದೆಂದು ಬರೆದನು. ಈ ವಾದದಲ್ಲಿ ನಮ್ಮ ಒಲವು ಯಾವ ಕಡೆಗೆಂದು ಮುಚ್ಚಿಡುವುದಿಲ್ಲ. ಹುಲ್ಟ್ಸ್ ಕಂಡ ರೂಪಗಳು ನಮ್ಮ ಇಂದಿನ ಕಿವಿಗೆ ಅತಿ ಸುಲಭವಾಗಿ ಕೇಳಿಸುತ್ತವೆ. ತೊಡಕು ಇರುವುದು ಅಲ್ಲಿಯೇ. ಪಪೈರಸ್ಸಿನ ಬರಹ ಹಲ್ಮಿಡಿ ಶಾಸನಕ್ಕಿಂತ ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಹಳೆಯದು. ಪಾಲು ಹಾಲಾದದ್ದು, ಪೋಗು ಹೋಗು ಆದದ್ದು ಹತ್ತನೆಯ ಶತಮಾನದ ಆಸುಪಾಸಿನಿಂದ ಈಚೆಗೆ. ಎರಡನೆಯ ಶತಮಾನದವನೊಬ್ಬ ‘ಹಾಕಿ’ ಎಂದಿರಲಾರನು. ‘ಎತ್ತುವೆನು’ ಎಂಬುದೂ ಹಾಗೆಯೇ. ಹಳಗನ್ನಡದಲ್ಲಿಯೇ ಅದು ‘ಎತ್ತುವೆಂ’. ‘ಕೊಂಚ’ ಎನ್ನುವಲ್ಲಿ ಹಳಬರು ‘ಕಿಱಿದು’ ಎನ್ನುತ್ತಿದ್ದರು. ಮುಗಿಲಿನಲ್ಲಿ ಮುಖ ಕಾಣುವ ಹಾಗೆ, ಗೊತ್ತಿರುವ ಭಾಷೆ ಗೊತ್ತಿಲ್ಲದ ಧ್ವನಿಗಳಲ್ಲಿ ಕೇಳಿಸಿಬಿಡುತ್ತದೆ.

ಹಾಗೆಂದು ಬಾಗಿಲನ್ನು ಪೂರಾ ಮುಚ್ಚುವಂತೆಯೂ ಇಲ್ಲ. ಅರ್ಥವಾಗದ ಪರಭಾಷೆಯನ್ನು ರಂಗಕ್ಕೆ ತರುವುದರಲ್ಲಿ ಪ್ರಾಚೀನರು ಎರಡು ದಾರಿ ಹಿಡಿದಿದ್ದರು. ಅರಿಸ್ಟೊಫನೀಸನ ‘ಅಖಾರ್ನಿಯರು’ ನಾಟಕದಲ್ಲಿ ಪಾರಸೀ ದೂತನ ಬಾಯಲ್ಲಿ ಬರುವ ಮಾತು ಬಹುತೇಕ ಅಣಕದ ಗದ್ದಲ. ರೋಮಿನ ಪ್ಲಾಟಸನ ‘ಪೇನುಲುಸ್’ ನಾಟಕದಲ್ಲಾದರೋ ಕಾರ್ಥೇಜಿನ ಹನ್ನೊ ಆಡುವುದು ನಿಜವಾದ ಪ್ಯೂನಿಕ್ ಭಾಷೆ. ಅದು ಇಬ್ರಿಯಕ್ಕೆ ಒಡಹುಟ್ಟಿದ ನುಡಿಯಾದ್ದರಿಂದ ಇಬ್ರಿಯ ಕಲಿತ ನಮ್ಮ ವಿದ್ಯಾರ್ಥಿಗಳು ಕೂಡ ಅಲ್ಲಲ್ಲಿ ಶಬ್ದಗಳನ್ನು ಗುರುತಿಸಬಲ್ಲರು. ಖಾರಿತಿಯೊನ್ ಪ್ರಹಸನ ಬರೆದವನು ಕೆಂಪು ಸಮುದ್ರದ ನಾವಿಕರ ಬಾಯಿಂದ ನಾಲ್ಕಾರು ನಿಜ ಶಬ್ದಗಳನ್ನು ಕೇಳಿ, ಉಳಿದದ್ದನ್ನು ತಾನೇ ಹೊಸೆದಿರಬಹುದು. ಅದಕ್ಕಿಂತ ಹೆಚ್ಚಾಗಿ ಏನನ್ನಾದರೂ ಹೇಳಿ ಕನ್ನಡದ ವಯಸ್ಸನ್ನು ಹೆಚ್ಚಿಸಿಕೊಳ್ಳುವುದು ನಮಗೆ ಉಚಿತವಾಗಿ ತೋರುವುದಿಲ್ಲ. ಕನ್ನಡಕ್ಕೆ ಆ ಸಾಕ್ಷಿಯ ಹಂಗೂ ಇಲ್ಲ.

ನಮ್ಮ ಶಾಸ್ತ್ರಕ್ಕೆ ಮುಖ್ಯವಾಗುವುದು ಬೇರೊಂದು ಸಂಗತಿ. ಆ ಮಾತು ಕನ್ನಡವಾಗಿದ್ದರೂ ಅಲ್ಲದಿದ್ದರೂ ಪ್ರೇಕ್ಷಕರಿಗೆ ಅದು ಅರ್ಥವಾಗಬಾರದೆಂಬುದೇ ಪ್ರಹಸನಕಾರನ ಉದ್ದೇಶವಾಗಿತ್ತು. ಒಂದೆಡೆ ವಿದೂಷಕನು ಅವರು ಏನೆನ್ನುತ್ತಿದ್ದಾರೆಂದು ಕೇಳುತ್ತಾನೆ. ಪಾಲಿಗಾಗಿ ಚೀಟು ಹಾಕೋಣವೆನ್ನುತ್ತಿದ್ದಾರೆಂದು ಉತ್ತರ ಬರುತ್ತದೆ. ಇಂಥ ಕಡೆಗಳನ್ನು ಬಿಟ್ಟರೆ ಧ್ವನಿ ಮಾತ್ರ ಉಂಟು, ಅರ್ಥವಿಲ್ಲ. ನಗೆ ಹುಟ್ಟುವುದು ಅದರಿಂದಲೇ. ‘ಬಾರ್ಬರೊಸ್’ ಎಂಬ ಗ್ರೀಕ್ ಶಬ್ದವೇ ಹೀಗೆ ಹುಟ್ಟಿದ್ದು. ತಿಳಿಯದ ಮಾತು ಕಿವಿಗೆ ಬರ್ ಬರ್ ಎಂದು ಬೀಳುವುದರ ಅನುಕರಣೆ ಅದು.

ಈಗ ಇದರ ಪಕ್ಕದಲ್ಲಿ ಲೂಕನನ್ನು ಇಡೋಣ. ಅಪೊಸ್ತಲರ ಕೃತ್ಯಗಳ 27 ಮತ್ತು 28ನೆಯ ಅಧ್ಯಾಯಗಳು ರೋಮನ್ ಯುಗದ ಸಾಹಸಕಥೆಯ ಎಲ್ಲ ಸಾಮಗ್ರಿಯನ್ನೂ ಹೊಂದಿವೆ. ಅಲೆಕ್ಸಾಂದ್ರಿಯದ ಹಡಗು, ಅದರಲ್ಲಿ 276 ಮಂದಿ, ಹದಿನಾಲ್ಕು ರಾತ್ರಿಗಳ ಬಿರುಗಾಳಿ, ಕೈದಿಗಳನ್ನು ಕೊಂದುಬಿಡೋಣವೆಂಬ ಸಿಪಾಯಿಗಳ ಆಲೋಚನೆ, ನೌಕಾಭಂಗ, ಹಾವು. ಲೂಕನೂ ಆ ಯಾನವನ್ನು ‘ನಾವು’ ಎಂದೇ ಹೇಳುತ್ತಾನೆ. ಆ ಕಾಲದ ಓದುಗನು ಮೆಲೀತೆ ದ್ವೀಪದ ದಡದಲ್ಲಿ ‘ಬಾರ್ಬರೊಸ್’ ಎಂಬ ಶಬ್ದ ಕಂಡೊಡನೆ ಮುಂದೇನಾಗುವುದೆಂದು ಬಲ್ಲೆನೆಂದುಕೊಂಡಿರಬೇಕು: ಸೆರೆ, ಬಲಿಪೀಠ, ಉಪಾಯದ ಬಿಡುಗಡೆ. ಆದರೆ ಆ ಜನರು ಮಳೆಯಲ್ಲಿ ನೆನೆದು ಚಳಿಯಿಂದ ನಡುಗುತ್ತಿದ್ದವರಿಗೆಲ್ಲ ಬೆಂಕಿ ಹೊತ್ತಿಸಿ ಬರಮಾಡಿಕೊಳ್ಳುತ್ತಾರೆ. ದ್ವೀಪದ ಮುಖ್ಯನಾದ ಪೊಪ್ಲಿಯನು ಮೂರು ದಿನ ಮನೆಯಲ್ಲಿಟ್ಟು ಸತ್ಕರಿಸುತ್ತಾನೆ. ಅವರಿಗೆ ಮದ್ಯ ಕುಡಿಸಿ ಕಟ್ಟಿಹಾಕುವ ಪ್ರಮೇಯವೇ ಬರುವುದಿಲ್ಲ. ಲೂಕನು ಸಾಹಸಕಥೆಯ ದಾರಿಯನ್ನು ತಿಳಿದೇ ಹಿಡಿದು, ಓದುಗನು ಎದುರುನೋಡಿದ ತಿರುವಿನಲ್ಲಿ ಬೇರೆ ಕಡೆಗೆ ನಡೆದಿದ್ದಾನೆಂದು ನಮಗೆ ಅನಿಸುತ್ತದೆ.

ಲುಸ್ತ್ರದ ಪ್ರಸಂಗ ಇನ್ನೂ ಹತ್ತಿರದ್ದು. 14ನೆಯ ಅಧ್ಯಾಯದಲ್ಲಿ ಕುಂಟನು ಎದ್ದು ನಡೆದುದನ್ನು ಕಂಡ ಜನರು ಲುಕವೋನ್ಯ ಭಾಷೆಯಲ್ಲಿ ಕೂಗುತ್ತಾರೆ. ಪೌಲ ಬಾರ್ನಬರಿಗೆ ಆ ಮಾತು ತಿಳಿದಂತೆ ಕಾಣುವುದಿಲ್ಲ. ಪೂಜಾರಿಯು ಎತ್ತುಗಳನ್ನೂ ಹೂಮಾಲೆಗಳನ್ನೂ ತಂದ ಮೇಲೆಯೇ ಅವರು ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗುತ್ತಾರೆ. ಪ್ರಹಸನಕಾರನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕುತ್ತಿರಲಿಲ್ಲ. ಲೂಕನಾದರೋ ಒಂದೇ ಒಂದು ಅಣಕದ ಧ್ವನಿಯನ್ನೂ ಬರೆಯದೆ, ಆ ಭಾಷೆಯ ಹೆಸರನ್ನು ಹೇಳಿ, ಜನರು ಹೇಳಿದ್ದರ ಅರ್ಥವನ್ನು ಕೊಡುತ್ತಾನೆ. ಪ್ರಹಸನದಲ್ಲಿ ಧ್ವನಿಯಿದೆ, ಭಾಷೆಗೆ ಹೆಸರಿಲ್ಲ, ಅರ್ಥವಿಲ್ಲ. ಲೂಕನಲ್ಲಿ ಹೆಸರಿದೆ, ಅರ್ಥವಿದೆ. ಮಾರ್ಕನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಯಾಯೀರನ ಮಗಳನ್ನು ಎಬ್ಬಿಸಿದ ಮಾತನ್ನೂ, ಕಿವುಡನ ಕಿವಿ ತೆರೆಸಿದ ಮಾತನ್ನೂ ಯೇಸುವಿನ ಬಾಯಿಂದ ಬಂದ ಅರಾಮ್ಯ ಧ್ವನಿಯಲ್ಲಿಯೇ ಉಳಿಸಿ, ಒಡನೆಯೇ ಗ್ರೀಕಿನಲ್ಲಿ ಅರ್ಥ ಹೇಳುತ್ತಾನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ, ಮಾತಿನ ಅರ್ಥ ತಿಳಿಯದೆ ಹೋದರೆ ಆಡುವವನಿಗೆ ಕೇಳುವವನೂ ಕೇಳುವವನಿಗೆ ಆಡುವವನೂ ಬಾರ್ಬರೊಸ್ ಆಗುವನೆಂದು ವಾದಿಸುತ್ತಾನೆ. ಗ್ರೀಕ್ ನಾಟಕಶಾಲೆಯಲ್ಲಿ ಆ ಶಬ್ದ ಒಂದೇ ದಿಕ್ಕಿಗೆ ಓಡುತ್ತಿತ್ತು. ಪೌಲನು ಅದನ್ನು ಎರಡೂ ಕಡೆಗೆ ತಿರುಗಿಸಿದನು.

ಸಿರಿಯಾದ ಸಭೆಯಲ್ಲಿ ಮೂರನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ‘ತೋಮನ ಕೃತ್ಯಗಳು’ ಎಂಬ ಗ್ರಂಥವೂ ನೆನಪಾಗುತ್ತದೆ. ಗುಂದಫರನೆಂಬ ರಾಜ ನಿಜವಾಗಿಯೂ ಇದ್ದನೆಂದು ನಾಣ್ಯಗಳು ಸಾಕ್ಷಿ ಹೇಳಿದರೂ ಗ್ರಂಥದ ಕಟ್ಟಡ ಸಾಹಸಕಥೆಯದೇ: ಅಪೊಸ್ತಲನನ್ನು ವರ್ತಕನಿಗೆ ದಾಸನಾಗಿ ಮಾರಲಾಗುತ್ತದೆ, ಅವನು ಹಡಗು ಹತ್ತುತ್ತಾನೆ, ಬಂದರೊಂದರಲ್ಲಿ ರಾಜಕುಮಾರಿಯ ಮದುವೆಯ ಔತಣಕ್ಕೆ ಹೋಗುತ್ತಾನೆ. ಅಲ್ಲಿ ಅವನು ಇಬ್ರಿಯದಲ್ಲಿ ಹಾಡಿದಾಗ ಯಾರಿಗೂ ತಿಳಿಯುವುದಿಲ್ಲ, ಕೊಳಲೂದುವ ಒಬ್ಬ ಹುಡುಗಿಗೆ ಹೊರತು; ಅವಳು ಇಬ್ರಿಯಳು. ಖಾರಿತಿಯೊನ್ ಪ್ರಹಸನದ ಪ್ರೇಕ್ಷಕರ ನಡುವೆ ಹಿಂದೂದೇಶದ ನಾವಿಕನೊಬ್ಬ ಕುಳಿತಿದ್ದನೋ ಏನೋ ನಾವರಿಯೆವು. ಈ ಗ್ರಂಥದ ಕರ್ತೃವಾದರೋ ತನ್ನ ಕಥೆಯೊಳಗೆ ತಿಳಿಯುವ ಒಬ್ಬಳನ್ನು ಕೂರಿಸಿದ್ದಾನೆ.

ಪ್ರಹಸನದ ಪರವಾಗಿಯೂ ಒಂದು ಮಾತು ಹೇಳಬೇಕು. ಓಡಿಹೋಗುವ ಮೊದಲು ದೇವತೆಯ ಕಾಣಿಕೆಗಳನ್ನು ಕದ್ದುಕೊಂಡು ಹೋಗೋಣವೆಂದು ವಿದೂಷಕನು ಸೂಚಿಸಿದಾಗ ಖಾರಿತಿಯೊನ್ ಒಪ್ಪುವುದಿಲ್ಲ. ರಕ್ಷಣೆಯನ್ನು ಬೇಡುವವರು ಅಧರ್ಮದ ಕೈಯಿಂದ ಬೇಡಿದರೆ ದೇವರುಗಳು ಹೇಗೆ ಕಿವಿಗೊಟ್ಟಾರು ಎಂಬುದು ಅವಳ ವಾದ. ತನ್ನನ್ನು ಬಲಿಗೆಂದು ಇಟ್ಟುಕೊಂಡಿದ್ದ ಗುಡಿಯ ವಿಷಯದಲ್ಲಿ ಅವಳು ಈ ಮಾತು ಹೇಳುತ್ತಾಳೆ. ಎಫೆಸದ ಗಲಭೆಯಲ್ಲಿ ಪಟ್ಟಣದ ಅಧಿಕಾರಿಯು ಪೌಲನ ಸಂಗಡಿಗರು ಗುಡಿಗಳನ್ನು ದೋಚುವವರಲ್ಲವೆಂದು ಸಾಕ್ಷಿ ನುಡಿದದ್ದನ್ನೂ, ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ವಿಗ್ರಹಗಳನ್ನು ಹೇಸಿ ಗುಡಿಯನ್ನು ಕೊಳ್ಳೆಹೊಡೆಯುವವನನ್ನು ಪೌಲನು ಗದರಿಸುವುದನ್ನೂ ಇದರೊಂದಿಗೆ ಓದಬಹುದು. ತೀರ್ಥರಾಮೇಶ್ವರದ ಜಾತ್ರೆಯ ದಾರಿಯಲ್ಲಿ ಮನೆಮಾಡಿಕೊಂಡಿರುವ ನಮ್ಮ ಸಭೆಗಳವರಿಗೆ ನೆರೆಯವರ ಗುಡಿಯ ವಿಷಯದಲ್ಲಿ ಹೇಗೆ ನಡೆಯಬೇಕೆಂದು ಕಲಿಸಲು ಆ ಹಾಸ್ಯನಾಟಕದ ಹುಡುಗಿ ತಕ್ಕ ಉಪಾಧ್ಯಾಯಿನಿಯೇ.

ಇಷ್ಟನ್ನೂ ಬರೆಯುವುದಕ್ಕೆ ಕಾರಣವಾದದ್ದು ಪಪೈರಸ್ಸಲ್ಲ, ನಮ್ಮದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ನ್ಯಾಮತಿ ಕಡೆಯ ಒಂದು ಸಣ್ಣ ಸಭೆಯಲ್ಲಿ ಕ್ರಿಸ್ಮಸ್ ನಾಟಕವಾಯಿತು. ಅದನ್ನು ಬರೆದವರು ನಮ್ಮ ವಿದ್ಯಾರ್ಥಿಗಳು. ಓದಿ ಒಪ್ಪಿಗೆ ಕೊಟ್ಟವರು ನಾವು. ಔಗುಸ್ತ ಕೈಸರನ ಖಾನೇಷುಮಾರಿಯ ಆಜ್ಞೆ ಹೊತ್ತುತಂದ ರೋಮನ್ ಸಿಪಾಯಿಗಳು ರಟ್ಟಿನ ಶಿರಸ್ತ್ರಾಣ ತೊಟ್ಟು ಬಾಯಿಗೆ ಬಂದ ಧ್ವನಿಗಳನ್ನು ಲ್ಯಾಟಿನ್ ಎಂಬಂತೆ ಕೂಗಿದರು; ಎಲ್ಲರೂ ನಕ್ಕರು. ಆಮೇಲೆ ಬಂದ ಕುರುಬರಲ್ಲಿ ಒಬ್ಬನನ್ನು ಲಂಬಾಣಿಯಂತೆ ಕಾಣಿಸಿ, ಅವನ ಬಾಯಲ್ಲಿಯೂ ಅದೇ ಬಗೆಯ ಅಣಕದ ಮಾತನ್ನಿಟ್ಟಿದ್ದರು. ಜನರು ಇನ್ನೂ ಹೆಚ್ಚಾಗಿ ನಕ್ಕರು. ನಾವೂ ನಕ್ಕೆವು.

ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ಪೂಜ್ಯಭಾವದಿಂದ ಕಾಣುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿಯೇ. ಎತ್ತುಗಳ ಹಿಂಡಿನ ಮೇಲೆ ಉಪ್ಪನ್ನೂ ಧಾನ್ಯವನ್ನೂ ದೇಶದ ಉದ್ದಗಲಕ್ಕೆ ಸಾಗಿಸಿದ ಆ ಜನರ ತಾಂಡಾಗಳು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಇವೆ. ಅವರ ಗೋರ್ ಬೋಲಿ ರಾಜಸ್ಥಾನದ ಕಡೆಯ ನುಡಿಗಳ ನಂಟಿನ ಭಾಷೆ. ಅದಕ್ಕೆ ತನ್ನದೇ ಲಿಪಿಯಿಲ್ಲ. ಮನೆಯಲ್ಲಿ ಆ ನುಡಿಯನ್ನಾಡುವ ಕುಟುಂಬಗಳು ಆ ಸಂಜೆ ಚಾಪೆಯ ಮೇಲೆ ನಮ್ಮೆದುರಿಗೇ ಕುಳಿತಿದ್ದುವು.

ನಾಟಕ ಮುಗಿದು ಊಟಕ್ಕೆ ಎಲೆ ಹಾಕುವಾಗ ಒಬ್ಬ ಮುದುಕಿ ಹತ್ತಿರ ಬಂದರು. ಸಿಟ್ಟಿನಿಂದಲ್ಲ, ಲೆಕ್ಕ ತಿದ್ದುವವರಂತೆ, “ಅಯ್ಯನೋರೇ, ಆ ಹುಡುಗ ಆಡಿದ್ದು ನಮ್ಮ ಮಾತಲ್ಲ” ಎಂದರು. ಹಾಸ್ಯಕ್ಕಾಗಿ ಮಾಡಿದ್ದು ತಾಯಿ, ಎಂದೆವು. “ಹಾಸ್ಯ ಆಗ್ಲಿ. ಕುರುಬ ದೇವದೂತನ್ನ ನೋಡ್ದ ಅಂತೀರಿ. ನೋಡ್ದೋನು ಏನಾದ್ರೂ ಹೇಳಿರ್ಬೇಕಲ್ಲ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟದ ಸಾಲಿಗೆ ಹೋದರು.

ಮುಂದಿನ ವರ್ಷದ ನವೆಂಬರಿನಲ್ಲಿ ಇಬ್ಬರು ವಿದ್ಯಾರ್ಥಿಗಳೊಡನೆ ಆ ತಾಂಡಾಕ್ಕೆ ಹೋಗಿ, ಅವರ ಮನೆಯ ಜಗಲಿಯ ಮೇಲೆ ಕುಳಿತು, ಕುರುಬನ ಮಾತನ್ನು ಅವರಿಂದಲೇ ಹೇಳಿಸಿ ಕನ್ನಡ ಲಿಪಿಯಲ್ಲಿ ಬರೆದುಕೊಂಡೆವು. ಎಲ್ಲ ಸೇರಿ ಐದು ವಾಕ್ಯ. ಓದಿ ತೋರಿಸಿದಾಗ ಮೂರು ಕಡೆ ತಿದ್ದಿದರು. ಒಂದು ಧ್ವನಿಗಂತೂ ನಮ್ಮ ಅಕ್ಷರಮಾಲೆಯಲ್ಲಿ ಯಾವುದನ್ನು ಬರೆದರೂ ಅವರಿಗೆ ಸಮಾಧಾನವಾಗಲಿಲ್ಲ. ಹತ್ತಿರವಿದ್ದ ಅಕ್ಷರವನ್ನು ಬರೆದು ಅದರ ಕೆಳಗೆ ಒಂದು ಗೆರೆ ಎಳೆದುಕೊಂಡೆವು. ಆಕ್ಸಿರಿಂಕಸ್ಸಿನ ಲಿಪಿಕಾರನಿಗೂ ಗ್ರೀಕ್ ಅಕ್ಷರಗಳು ಎಲ್ಲಿ ಸಾಲದೆ ಹೋದುವೋ ಎಂದು ಆಗ ಯೋಚನೆ ಬಂತು. ಡಿಸೆಂಬರಿನಲ್ಲಿ ಕುರುಬನ ವೇಷ ಹಾಕಿದವನು ಆ ತಾಂಡಾದ ಹುಡುಗನೇ. ನಾವು ಗೆರೆಯೆಳೆದಿದ್ದ ಆ ಶಬ್ದ ಬಂದಾಗ ಅವನು ಹಾಳೆಯನ್ನು ನೋಡಲಿಲ್ಲ.